ನಾಯಿಗೆ ಔಷಧ, ಗೋಡೆಗೂ ಔಷಧ: ಚಿತ್ರದುರ್ಗದ ಒಂದು ಉಣ್ಣಿ ಜ್ವರದ ಪ್ರಕರಣ

ಚಿತ್ರದುರ್ಗದ ಬುರುಜನಹಟ್ಟಿ ಕಡೆಯ ಒಂದು ಹಳೆ ಮನೆ. ಅಲ್ಲಿ ಅಜ್ಜಿ, ಮಗ, ಸೊಸೆ, ಹೈಸ್ಕೂಲಿಗೆ ಹೋಗುವ ಮೊಮ್ಮಗ. ಜೊತೆಗೆ ಐದು ವರ್ಷದ ಲ್ಯಾಬ್ರಡಾರ್ ಹೆಣ್ಣುನಾಯಿ ಜೂಲಿ, ಮತ್ತೆ ಪುಟ್ಟಿ ಅನ್ನುವ ನಾಟಿ ಬೆಕ್ಕು.

ಇಲ್ಲಿ ಅಪರೂಪದ ರೋಗ ಯಾವುದೂ ಇಲ್ಲ. ಉಣ್ಣಿ ಜ್ವರ ನಮ್ಮ ಕಡೆಯ ಪಶುವೈದ್ಯರಿಗೆ ದಿನನಿತ್ಯದ ಕೆಲಸ. ಔಷಧ ಯಾವುದು ಅಂತ ಗೊತ್ತಿದೆ, ಬೆಲೆ ಕಡಿಮೆ, ಯಾವ ಊರಲ್ಲಾದರೂ ಸಿಗುತ್ತದೆ. ಆದರೂ ಜೂಲಿ ಒಂದೇ ವರ್ಷದಲ್ಲಿ ಮೂರು ಸಲ ಅದೇ ಜ್ವರಕ್ಕೆ ಬಿದ್ದಳು. ಯಾಕೆ ಅಂತ ಹುಡುಕಿಕೊಂಡು ಹೋದರೆ ಉತ್ತರ ನಾಯಿಯ ಮೈಮೇಲೆ ಸಿಗಲಿಲ್ಲ, ಮನೆಯ ಗೋಡೆಯಲ್ಲಿ ಸಿಕ್ಕಿತು.

ಮೂಗಿನ ರಕ್ತ

ಮೇ ತಿಂಗಳ ಕೊನೆಯಲ್ಲಿ ಅಜ್ಜಿ ಮತ್ತು ಮಗ ಜೂಲಿಯನ್ನು ಆಟೋದಲ್ಲಿ ಹಾಕಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. "ಮೂಗ್ನಾಗೆ ರಕ್ತ ಬರ್ತೈತೆ ಡಾಕ್ಟ್ರೇ. ಉಷ್ಣ ಆಗೈತೆ ಅಂತ ಮಜ್ಜಿಗೆ ಹಾಕ್ದೆ, ಅದನ್ನೂ ಮುಟ್ಲಿಲ್ಲ" ಅಂದರು ಅಜ್ಜಿ. ದುರ್ಗದ ಮೇ ತಿಂಗಳ ಬಿಸಿಲಿನಲ್ಲಿ ಮೂಗಿನಿಂದ ರಕ್ತ ಬಂದರೆ ಯಾರಾದರೂ ಮೊದಲು ಹೇಳುವುದು ಉಷ್ಣ ಅಂತಲೇ. ಮನುಷ್ಯರ ವಿಷಯದಲ್ಲಿ ಅದು ಎಷ್ಟೋ ಸಲ ಸಣ್ಣ ಸಂಗತಿಯೇ ಆಗಿರುತ್ತದೆ. ನಾಯಿಯ ವಿಷಯದಲ್ಲಿ ಹಾಗಲ್ಲ. ಉಣ್ಣಿ ಇರುವ ಊರಲ್ಲಿ ನಾಯಿಯ ಮೂಗಲ್ಲಿ ರಕ್ತ ಕಂಡರೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು.

ಜ್ವರ 104.2 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಆರೋಗ್ಯವಾಗಿರುವ ನಾಯಿಗೆ 101ರಿಂದ 102.5ರವರೆಗೆ ಇರುವುದು ಸಹಜ. ವಸಡು ಬಿಳಿಚಿಕೊಂಡಿತ್ತು. ಕೂದಲು ಕಡಿಮೆ ಇರುವ ಕೆಳಹೊಟ್ಟೆಯ ಚರ್ಮದಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳಿದ್ದವು. ಬೆರಳಲ್ಲಿ ಒತ್ತಿದರೂ ಅವು ಮಾಸಲಿಲ್ಲ. ಅಂದರೆ ಚರ್ಮದ ಒಳಗೇ ರಕ್ತ ಜಿನುಗುತ್ತಿತ್ತು. ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಊದಿಕೊಂಡಿದ್ದು ಕೈಗೆ ಸಿಗುತ್ತಿತ್ತು. ಇನ್ನು ಉಣ್ಣಿ? ಮೇಲುನೋಟಕ್ಕೆ ಒಂದೂ ಇರಲಿಲ್ಲ. "ನಿನ್ನೆ ಎಲ್ಲಾ ಕಿತ್ತು ಹಾಕಿದೀವಿ ಸಾರ್" ಅಂದ ಮಗ. ಕಾಲ್ಬೆರಳ ಸಂದು ಬಿಡಿಸಿ ನೋಡಿದೆ. ಅಲ್ಲಿ ಸಾಲಾಗಿ ಕೂತಿದ್ದವು. ಕಿವಿಯ ಒಳಮಡಿಕೆಯಲ್ಲಿ ಇನ್ನಷ್ಟು, ಕೊರಳ ಪಟ್ಟಿಯ ಕೆಳಗೆ ರಕ್ತ ಕುಡಿದು ಹರಳು ಬೀಜದಷ್ಟು ಊದಿದ ಒಂದು ಹೆಣ್ಣು.

ರಕ್ತದ ವರದಿ ಸಂಜೆಗೆ ಬಂತು. ರಕ್ತ ಸೋರದಂತೆ ತಡೆಯುವ ಕಣಗಳಾದ ಪ್ಲೇಟ್‌ಲೆಟ್ 28 ಸಾವಿರ. ನಾಯಿಗೆ ಸುಮಾರು 2 ಲಕ್ಷದಿಂದ 5 ಲಕ್ಷ ಇರಬೇಕು. ಹಿಮೋಗ್ಲೋಬಿನ್ 7.8, ಇರಬೇಕಾದದ್ದು 12ಕ್ಕಿಂತ ಮೇಲೆ. ಪ್ಲೇಟ್‌ಲೆಟ್ ಅನ್ನುವ ಪದ ಕೇಳಿದ ಕೂಡಲೇ ಮಗನ ಮುಖ ಬದಲಾಯಿತು. ಡೆಂಗಿಯ ಪುಣ್ಯ, ಆ ಪದ ಈಗ ಎಲ್ಲರಿಗೂ ಗೊತ್ತು. ಪಪ್ಪಾಯಿ ಎಲೆ ರಸ ಹಾಕೋಣವಾ ಅಂತಲೂ ಕೇಳಿದ. ಬೇಡ ಅಂದೆ. ವಾಂತಿ ಬರುವ ಹಾಗಿರುವ ನಾಯಿಯ ಬಾಯಿಗೆ ಕಹಿ ರಸ ಸುರಿದರೆ ಇರೋ ಊಟವೂ ಹೋಗುತ್ತದೆ, ಮೇಲಾಗಿ ರೋಗಾಣು ಅದರಿಂದ ಸಾಯುವುದಿಲ್ಲ.

ಆ ರೋಗಾಣುವಿನ ಹೆಸರು ಎರ್ಲಿಕಿಯಾ ಕೇನಿಸ್. ರಕ್ತದ ಬಿಳಿ ಕಣದ ಒಳಗೇ ಮನೆ ಮಾಡಿಕೊಂಡು ಬದುಕುವ ಬ್ಯಾಕ್ಟೀರಿಯಾ ಇದು. 1935ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ಗುರುತಿಸಿದರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯ ನಾಯಿಗಳು, ಅದರಲ್ಲೂ ಜರ್ಮನ್ ಶೆಫರ್ಡ್‌ಗಳು, ದೊಡ್ಡ ಸಂಖ್ಯೆಯಲ್ಲಿ ಸತ್ತಾಗ ಜಗತ್ತು ಇದರ ಕಡೆ ಗಂಭೀರವಾಗಿ ನೋಡಿತು. ಜೂಲಿಯ ರಕ್ತದಲ್ಲಿ ಕಾರ್ಡ್ ಪರೀಕ್ಷೆ ಪಾಸಿಟಿವ್ ಬಂತು. ಆದರೆ ಈ ಕಾರ್ಡ್ ತೋರಿಸುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಹಿಂದೆ ಯಾವಾಗಲೋ ಸೋಂಕು ತಗುಲಿದ್ದರೂ ಗೆರೆ ಮೂಡುತ್ತದೆ. ಹಾಗಾಗಿ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೂ ರಕ್ತ ಕಳಿಸಿದೆ. ಅದರಲ್ಲೂ ಎರ್ಲಿಕಿಯಾ ಇದೆ ಅಂತ ಬಂತು, ಬಬೇಸಿಯಾ ಇಲ್ಲ ಅಂತ ಬಂತು.

ಬಬೇಸಿಯಾ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ ಕಾರಣ ಇದೆ. ಅದೇ ಉಣ್ಣಿ ಅದನ್ನೂ ಹರಡಬಲ್ಲದು, ಒಂದೇ ನಾಯಿಗೆ ಎರಡೂ ಒಟ್ಟಿಗೆ ಬರಬಹುದು. ಬಬೇಸಿಯಾ ಕೆಂಪು ರಕ್ತಕಣವನ್ನೇ ಒಡೆಯುವ ಪರೋಪಜೀವಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಅದರ ಔಷಧವೇ ಬೇರೆ. ಬಬೇಸಿಯಾದಲ್ಲೂ ಒಂದೊಂದು ಜಾತಿಗೆ ಒಂದೊಂದು ಔಷಧ. ಎರ್ಲಿಕಿಯಾಕ್ಕೆ ಕೊಡುವ ಮಾತ್ರೆಯನ್ನೇ ನಂಬಿ ಕೂತರೆ ಬಬೇಸಿಯಾ ಇರುವ ನಾಯಿ ಕೈತಪ್ಪಿ ಹೋಗುತ್ತದೆ. "ಉಣ್ಣಿ ಜ್ವರ" ಅನ್ನುವ ಒಂದೇ ಹೆಸರಿನ ಅಡಿಯಲ್ಲಿ ಎರಡು ಮೂರು ರೋಗ ಇವೆ ಅನ್ನುವುದು ಸಾಕುವವರಿಗೆ ಗೊತ್ತಿದ್ದರೆ ಒಳ್ಳೆಯದು.

ಹಿಂದಿನ ಎರಡು ಸಲ ಏನಾಗಿತ್ತು

ಚಿಕಿತ್ಸೆ ಶುರು ಮಾಡುವ ಮೊದಲು ಹಳೆ ಚೀಟಿಗಳನ್ನೆಲ್ಲ ತರಿಸಿದೆ. ಹಿಂದಿನ ಜುಲೈನಲ್ಲಿ ಮೊದಲ ಜ್ವರ. ಒಂದು ಕಡೆ ತೋರಿಸಿದ್ದರು. ಡಾಕ್ಸಿಸೈಕ್ಲಿನ್ ಅನ್ನುವ ಸರಿಯಾದ ಮಾತ್ರೆಯನ್ನೇ ಬರೆದಿದ್ದರು. ಮೂರನೇ ದಿನಕ್ಕೆ ಜೂಲಿ ಎದ್ದು ಓಡಾಡಿದಳು. ವಾರಕ್ಕೆ ಮಾತ್ರೆ ನಿಲ್ಲಿಸಿದರು. ಜನವರಿಯಲ್ಲಿ ಮತ್ತೆ ಜ್ವರ ಬಂತು. ಆಗ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಮಗ ಹಳೆ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ 100 ಮಿಲಿಗ್ರಾಂ ಮಾತ್ರೆ ತಂದು ದಿನಕ್ಕೆ ಒಂದರಂತೆ ಹಾಕಿದ. ಮತ್ತೆ ಚೇತರಿಕೆ, ಮತ್ತೆ ವಾರಕ್ಕೆ ಬಂದ್.

ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಲೆಕ್ಕ ನಾಯಿಯ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 10 ಮಿಲಿಗ್ರಾಂ, ಒಟ್ಟು 28 ದಿನ. ಜೂಲಿ 26 ಕೆ.ಜಿ. ಅವಳಿಗೆ ಬೇಕಾದದ್ದು ಹತ್ತಿರ ಹತ್ತಿರ 260 ಮಿಲಿಗ್ರಾಂ. ಜನವರಿಯಲ್ಲಿ ಸಿಕ್ಕಿದ್ದು ಅದರ ಅರ್ಧವೂ ಅಲ್ಲ, ಅದೂ ಒಂದೇ ವಾರ. ಸಾಲದ್ದಕ್ಕೆ ಮಾತ್ರೆಯನ್ನು ಪುಡಿ ಮಾಡಿ ಹಾಲಿಗೆ ಹಾಕುತ್ತಿದ್ದರು, ರಕ್ತ ಕಡಿಮೆ ಅಂತ ಅದರ ಜೊತೆಗೇ ಕಬ್ಬಿಣಾಂಶದ ಟಾನಿಕ್ ಕುಡಿಸುತ್ತಿದ್ದರು. ಹಾಲಿನ ಕ್ಯಾಲ್ಸಿಯಂ ಈ ಮಾತ್ರೆಯ ಒಂದಷ್ಟು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಬ್ಬಿಣ ಇನ್ನೂ ಜಾಸ್ತಿ ಹಿಡಿಯುತ್ತದೆ. ಮಾತ್ರೆ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಪೂರ್ತಿ ಸೇರುವುದಿಲ್ಲ.

ಇದರಲ್ಲಿ ಮನೆಯವರನ್ನು ಬೈದು ಪ್ರಯೋಜನ ಇಲ್ಲ. ಈ ರೋಗದ ಸ್ವಭಾವವೇ ಹಾಗೆ, ಮೋಸ ಮಾಡುತ್ತದೆ. ಉಣ್ಣಿ ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಜ್ವರ ಬರುತ್ತದೆ. ಸರಿಯಾಗಿ ಚಿಕಿತ್ಸೆ ಆಗದೆ ಇದ್ದರೂ ಎಷ್ಟೋ ನಾಯಿಗಳಲ್ಲಿ ಜ್ವರ ತಾನಾಗೇ ಇಳಿಯುತ್ತದೆ. ನಾಯಿ ತಿನ್ನುತ್ತದೆ, ಬಾಲ ಅಲ್ಲಾಡಿಸುತ್ತದೆ. ಒಳಗೆ ರೋಗಾಣು ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಸುಮ್ಮನೆ ಇರುತ್ತದೆ. ಕೆಲವು ನಾಯಿಗಳಲ್ಲಿ ಕೊನೆಗೆ ಮೂಳೆಯ ಮಜ್ಜೆಯೇ ಕೆಲಸ ನಿಲ್ಲಿಸುತ್ತದೆ. ಆ ಹಂತಕ್ಕೆ ಹೋದ ಮೇಲೆ ಡಾಕ್ಸಿಸೈಕ್ಲಿನ್ ಕೈ ಹಿಡಿಯುವುದು ಕಷ್ಟ.

ಈ ಸಲ ಜ್ವರಕ್ಕೆ ಅಂತ ಮನುಷ್ಯರ ನೋವಿನ ಮಾತ್ರೆ ಹಾಕಿದ್ದೀರಾ ಅಂತ ಎರಡೆರಡು ಸಲ ಕೇಳಿದೆ. ಪುಣ್ಯಕ್ಕೆ ಹಾಕಿರಲಿಲ್ಲ. ಪ್ಲೇಟ್‌ಲೆಟ್ ನೆಲ ಕಚ್ಚಿರುವಾಗ ಆಸ್ಪಿರಿನ್ ಅಥವಾ ಡೈಕ್ಲೋಫೆನಾಕ್ ಕೊಟ್ಟರೆ ರಕ್ತಸ್ರಾವ ನಿಲ್ಲಿಸುವುದು ಬಹಳ ಕಷ್ಟ.

ಡಾಕ್ಸಿಸೈಕ್ಲಿನ್ ಪೂರ್ತಿ ಪ್ರಮಾಣದಲ್ಲಿ ಶುರುವಾಯಿತು. ಅನ್ನ ಮತ್ತು ಮೊಟ್ಟೆಯ ಜೊತೆ ಮಾತ್ರೆ, ಹಾಲು ಬಂದ್, ಟಾನಿಕ್ಕಿಗೂ ಮಾತ್ರೆಗೂ ನಡುವೆ ಮೂರು ಗಂಟೆ ಅಂತರ. ಸ್ನಾಯುವಿಗೆ ಚುಚ್ಚುಮದ್ದು ಬೇಡ ಅಂದೆ, ಚುಚ್ಚಿದ ಜಾಗದಲ್ಲಿ ಒಳಗೇ ರಕ್ತ ಸೇರಿಕೊಂಡು ಊದುತ್ತದೆ. ರಕ್ತ ಕೊಡುವ ಪ್ರಸಂಗ ಬಂದರೆ ಇರಲಿ ಅಂತ ಪರಿಚಯದವರ ಒಂದು ದೊಡ್ಡ ನಾಯಿಯನ್ನು ಹೇಳಿ ಇಟ್ಟಿದ್ದೆವು. ಅದು ಬೇಕಾಗಲಿಲ್ಲ. ಎರಡನೇ ದಿನ ಜ್ವರ ಇಳಿಯಿತು, ಮೂರನೇ ದಿನ ಮೂಗಿನ ರಕ್ತ ನಿಂತಿತು.

ಪುಟ್ಟಿಗೆ ಬಂದ ನಡುಕ

ನಾಲ್ಕನೇ ದಿನ ಬೆಳಿಗ್ಗೆ ಮೊಮ್ಮಗ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಓಡಿ ಬಂದ. ಪುಟ್ಟಿಯ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಕಿವಿ ಪಟಪಟ ಅದುರುತ್ತಿತ್ತು. ಮೈಯ ಸ್ನಾಯುಗಳು ಅಲ್ಲಲ್ಲಿ ಎಳೆದುಕೊಳ್ಳುತ್ತಿದ್ದವು. ನಿಲ್ಲಿಸಿದರೆ ವಾಲುತ್ತಿತ್ತು. "ಇದಕ್ಕೂ ಉಣ್ಣಿ ಜ್ವರ ಬಂತಾ ಅಂಕಲ್?" ಅಂತ ಕೇಳಿದ.

ಮೈ ಮೂಸಿದೆ. ದನಕ್ಕೆ ಹಾಕುವ ಉಣ್ಣಿ ಔಷಧದ ವಾಸನೆ.

ಆಗಿದ್ದು ಇಷ್ಟು. ಹಿಂದಿನ ರಾತ್ರಿ ಅವರಪ್ಪ ದನ, ಕುರಿಗೆ ಬಳಸುವ ಸೈಪರ್‌ಮೆಥ್ರಿನ್ ಬಾಟಲಿ ತಂದಿದ್ದ. ಒಂದು ಬಕೆಟ್ಟಿಗೆ ಕಣ್ಣಳತೆಯಲ್ಲಿ ಎರಡು ಮುಚ್ಚಳ. ಹಿತ್ತಲಿಗೆಲ್ಲ ಚಿಮುಕಿಸಿ, ಉಳಿದದ್ದು ಯಾಕೆ ವ್ಯರ್ಥ ಅಂತ ಪುಟ್ಟಿಗೆ ಸ್ನಾನ ಮಾಡಿಸಿದ್ದಾರೆ. ಕುರಿ ಸಾಕುವ ಜಿಲ್ಲೆ ನಮ್ಮದು. ಈ ಬಾಟಲಿ ಇಲ್ಲಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಇರುತ್ತದೆ. ಕುರಿಗೆ ಹಾಕಿದರೆ ಏನೂ ಆಗುವುದಿಲ್ಲ, ಹಾಗಾಗಿ ಎಲ್ಲ ಪ್ರಾಣಿಗೂ ನಡೆಯುತ್ತದೆ ಅನ್ನುವ ನಂಬಿಕೆ.

ಬೆಕ್ಕಿಗೆ ನಡೆಯುವುದಿಲ್ಲ. ಪರ್‌ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇವೆಲ್ಲ ಒಂದೇ ಕುಟುಂಬದ ಔಷಧಗಳು. ನಾಯಿ, ದನಗಳ ಪಿತ್ತಜನಕಾಂಗ ಇವನ್ನು ಬೇಗ ಒಡೆದು ಹೊರಗೆ ಹಾಕುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಸಾಮರ್ಥ್ಯ ತೀರಾ ಕಡಿಮೆ. ಜೊತೆಗೆ ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ. ಚರ್ಮಕ್ಕೆ ಬಿದ್ದದ್ದೆಲ್ಲ ಬಾಯಿಗೂ ಹೋಗುತ್ತದೆ. ಅಮಿಟ್ರಾಜ್ ಅನ್ನುವ ಇನ್ನೊಂದು ಉಣ್ಣಿ ಔಷಧವೂ ಬೆಕ್ಕಿಗೆ ಆಗದು. ಮನೆಮದ್ದು ಅಂತ ಕರ್ಪೂರ ಬೆರೆಸಿದ ಎಣ್ಣೆ ಹಚ್ಚುವವರೂ ಇದ್ದಾರೆ. ಕರ್ಪೂರವೂ ಬೆಕ್ಕಿಗೆ ವಿಷವೇ. ಅಜ್ಜಿ ದಿನಾ ನೆಲಕ್ಕೆ ಹಾಕುತ್ತಿದ್ದ ಫಿನಾಯಿಲ್ ಕೂಡ ಬೆಕ್ಕಿರುವ ಮನೆಗೆ ಒಳ್ಳೆಯದಲ್ಲ, ಉಣ್ಣಿಗಂತೂ ಅದರಿಂದ ಏನೂ ಆಗುವುದಿಲ್ಲ.

ಈ ವಿಷಕ್ಕೆ ಪ್ರತಿವಿಷ ಅಂತ ಇಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೌಮ್ಯ ಸೋಪಿನ ದ್ರವ ಹಾಕಿ ಪುಟ್ಟಿಯ ಮೈ ತೊಳೆದೆವು. ತಣ್ಣೀರು ಬಳಸಬಾರದು, ಮೈ ತಣ್ಣಗಾದರೆ ನಡುಕ ಜಾಸ್ತಿಯಾಗುತ್ತದೆ. ಒರೆಸಿ, ಬೆಚ್ಚಗೆ ಇಟ್ಟು, ನಡುಕ ತಗ್ಗಿಸುವ ಔಷಧ ಮತ್ತು ಡ್ರಿಪ್ ಕೊಟ್ಟೆ. ಎರಡು ದಿನ ಕ್ಲಿನಿಕ್ಕಿನಲ್ಲೇ ಇದ್ದು ಮನೆಗೆ ಹೋಯಿತು. ಬೇಗ ಕರೆತಂದಿದ್ದರಿಂದ ಉಳಿಯಿತು.

ಪುಟ್ಟಿಯ ಮೈಯಲ್ಲಿ ಹುಡುಕಿದರೆ ಸಿಕ್ಕಿದ್ದು ಒಂದೇ ಉಣ್ಣಿ, ಕಿವಿಯ ಹಿಂದೆ. ನೆಕ್ಕಿ ನೆಕ್ಕಿ ಬೆಕ್ಕುಗಳು ಮೈಯನ್ನು ಚೊಕ್ಕವಾಗಿ ಇಟ್ಟುಕೊಳ್ಳುತ್ತವೆ, ನಾಲಿಗೆ ತಲುಪದ ಕಿವಿ, ಕುತ್ತಿಗೆಯಲ್ಲಿ ಮಾತ್ರ ಉಣ್ಣಿ ಉಳಿಯುತ್ತದೆ. ಆ ಒಂದು ಉಣ್ಣಿಯನ್ನು ಚಿಮಟದಲ್ಲಿ ಕಿತ್ತಿದ್ದರೆ ಸಾಕಿತ್ತು.

ಮನೆ ನೋಡಲು ಹೋದದ್ದು

ಜೂಲಿಗೆ ಬಂದದ್ದು ಹಳೆ ಸೋಂಕು ಮರುಕಳಿಸಿದ್ದೋ, ಹೊಸ ಉಣ್ಣಿಯಿಂದ ಬಂದ ಹೊಸ ಸೋಂಕೋ? ರಕ್ತ ಪರೀಕ್ಷೆಯಿಂದ ಇದನ್ನು ಬೇರ್ಪಡಿಸುವುದು ಕಷ್ಟ. ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಅನ್ನುವ ರೋಗವೂ ಇದಲ್ಲ. ಲಸಿಕೆಯೂ ಇಲ್ಲ. ಜೂಲಿ ಮನೆ ಬಿಟ್ಟು ಹೊರಗೆ ಹೋಗುವುದು ಕಡಿಮೆ. "ದಿನಾ ಕೀಳ್ತೀವಿ, ದಿನಾ ಬರ್ತವೆ" ಅನ್ನುವ ಅಜ್ಜಿಯ ಮಾತು ಕೇಳಿದ ಮೇಲೆ ಮನೆ ನೋಡದೆ ಗತಿ ಇಲ್ಲ ಅನ್ನಿಸಿತು.

ನಮ್ಮ ಊರಿನ ನಾಯಿ ಉಣ್ಣಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಕಂದು ಬಣ್ಣದ ಈ ಜಾತಿ ಬೇರೆ ಹಲವು ಉಣ್ಣಿಗಳ ಹಾಗೆ ಹುಲ್ಲು, ಕಾಡು ನಂಬಿಕೊಂಡಿಲ್ಲ. ಮನೆಯೊಳಗೇ ಸಂಸಾರ ಮಾಡುತ್ತದೆ. ದುರ್ಗದಂಥ ಒಣ ಹವೆಯನ್ನೂ ತಡೆದುಕೊಳ್ಳುತ್ತದೆ. ಬದುಕಿನಲ್ಲಿ ಮೂರು ಸಲ ಮಾತ್ರ ನಾಯಿಯ ಮೈ ಹತ್ತುತ್ತದೆ: ಆರು ಕಾಲಿನ ಮರಿಯಾಗಿದ್ದಾಗ ಒಮ್ಮೆ, ಎಂಟು ಕಾಲು ಬಂದ ಮೇಲೆ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಪ್ರತಿ ಸಲವೂ ಕೆಲವು ದಿನ ರಕ್ತ ಕುಡಿದು ಕೆಳಗೆ ಉದುರುತ್ತದೆ, ಸಂದಿಯಲ್ಲಿ ಸೇರಿಕೊಂಡು ಪೊರೆ ಬಿಡುತ್ತದೆ. ಕೊನೆಗೆ ರಕ್ತ ಕುಡಿದ ಹೆಣ್ಣು ಉದುರಿ, ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಒಂದೊಂದು ಹೆಣ್ಣು 4000ದವರೆಗೂ ಇಡಬಲ್ಲದು. ಬೆಚ್ಚಗಿನ ವಾತಾವರಣ ಇದ್ದರೆ ಮೊಟ್ಟೆಯಿಂದ ಮೊಟ್ಟೆಗೆ ಎರಡು ಮೂರು ತಿಂಗಳು ಸಾಕು. ನಾಯಿ ಸಿಗದೇ ಇದ್ದರೆ ಬೆಳೆದ ಉಣ್ಣಿ ಏನೂ ತಿನ್ನದೆ ವರ್ಷಕ್ಕೂ ಮೀರಿ ಕಾಯಬಲ್ಲದು. ಅಂದರೆ ಯಾವುದೇ ಹೊತ್ತಿನಲ್ಲಿ ನಾಯಿಯ ಮೇಲೆ ಕಾಣುವ ಉಣ್ಣಿ ಒಟ್ಟು ಲೆಕ್ಕದಲ್ಲಿ ಸಣ್ಣ ಪಾಲು. ಬಹುಪಾಲು ಇರುವುದು ಮನೆಯಲ್ಲಿ.

ಆ ಮನೆ ಉಣ್ಣಿಗೆ ಹೇಳಿ ಮಾಡಿಸಿದ ಹಾಗಿತ್ತು. ದುರ್ಗದ ಹಳೆ ಮನೆಗಳನ್ನು ನೋಡಿದವರಿಗೆ ಗೊತ್ತು, ಕಲ್ಲಿಗೆ ಇಲ್ಲಿ ಬರ ಇಲ್ಲ. ಹಿತ್ತಲ ಗೋಡೆ ಬರಿ ಕಲ್ಲಿನದ್ದು, ಗಾರೆ ಉದುರಿ ಸಂದಿ ಸಂದಿ ಬಾಯಿ ಬಿಟ್ಟಿತ್ತು. ಹಳೆ ದನದ ಕೊಟ್ಟಿಗೆಯಲ್ಲಿ ಈಗ ಸೌದೆ, ಗೋಣಿಚೀಲ. ಜೂಲಿ ಮಲಗುವುದು ಹಿತ್ತಲ ಬಾಗಿಲ ಪಕ್ಕ, ಅದೇ ಗೋಣಿಚೀಲದ ಮೇಲೆ. ಮೊಮ್ಮಗನಿಗೆ ಟಾರ್ಚ್ ಹಿಡಿಯಲು ಹೇಳಿ ತೆಳು ತಂತಿಯಿಂದ ಒಂದು ಸಂದಿ ಕೆದಕಿದೆ. ಒಣಗಿದ ಪೊರೆಗಳು, ಕಂದು ಮೊಟ್ಟೆಯ ಗುಡ್ಡೆ, ಅದರ ಪಕ್ಕದಲ್ಲೇ ಸುಕ್ಕಾದ ತಾಯಿ ಉಣ್ಣಿ. ನೆಲದ ಹತ್ತಿರ ಇಷ್ಟಿದ್ದರೆ ಮೇಲೆ ಇನ್ನೂ ಜಾಸ್ತಿ. ಈ ಉಣ್ಣಿಗೆ ಮೇಲಕ್ಕೆ ಹತ್ತುವ ಚಾಳಿ ಇದೆ. ಬಾಗಿಲ ಚೌಕಟ್ಟಿನ ಮೇಲಂಚು, ತೊಲೆಯ ಮೂಲೆ, ಕೊನೆಗೆ ಪಡಸಾಲೆಯ ಗೋಡೆಯ ಕ್ಯಾಲೆಂಡರ್ ಹಿಂದೆಯೂ ಮರಿಗಳು ಓಡಾಡುತ್ತಿದ್ದವು. ಸೊಸೆ ಅದನ್ನು ನೋಡಿದವರೇ ಅಡುಗೆಮನೆಗೆ ಹೋಗಿ ಅಲ್ಲಿನ ಕ್ಯಾಲೆಂಡರ್ ಕಿತ್ತು ಬಿಸಾಡಿದರು. ಅಲ್ಲಿ ಏನೂ ಇರಲಿಲ್ಲ, ಪಾಪ.

"ಇದು ಮಂಗನ ಕಾಯಿಲೆ ಉಣ್ಣಿ ಅಲ್ವಾ?" ಅಂತ ಅವರಿಗೆ ಹೆದರಿಕೆ. ಶಿವಮೊಗ್ಗ ಜಿಲ್ಲೆಯ ಸುದ್ದಿ ಕೇಳಿ ಕೇಳಿ ಬಂದ ಪ್ರಶ್ನೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಅದನ್ನು ಮುಖ್ಯವಾಗಿ ಹರಡುವುದು ಮಲೆನಾಡಿನ ಕಾಡಿನ ಬೇರೆ ಜಾತಿಯ ಉಣ್ಣಿ. ಗೋಡೆಯಲ್ಲಿರುವ ಈ ಉಣ್ಣಿ ಅದಲ್ಲ ಅಂತ ಹೇಳಿದೆ. ಹಾಗಂತ ನಾಯಿ ಉಣ್ಣಿ ಮನುಷ್ಯರ ಪಾಲಿಗೆ ಸಾಧು ಅಂತಲ್ಲ. ಮನುಷ್ಯರನ್ನೂ ಕಚ್ಚುತ್ತದೆ, ಜ್ವರ ಮತ್ತು ಮೈಮೇಲೆ ದದ್ದು ತರುವ ಟಿಕ್ ಟೈಫಸ್ ಅನ್ನು ಹರಡಬಲ್ಲದು. ಮೊಮ್ಮಗ ಉಣ್ಣಿಯನ್ನು ಉಗುರಿನಲ್ಲಿ ಚಿಟಕ್ ಅನ್ನಿಸುವುದನ್ನು ಆಟ ಮಾಡಿಕೊಂಡಿದ್ದ. ಅದನ್ನು ಅವತ್ತೇ ನಿಲ್ಲಿಸಿದೆ. ಚೂಪು ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಎಳೆಯಬೇಕು. ಕಿತ್ತದ್ದನ್ನು ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಬೇಕು. ಸೀಮೆಎಣ್ಣೆ, ಸುಡುವ ಕಡ್ಡಿ ಯಾವುದೂ ಬೇಡ.

ಗೋಡೆಯ ಕೆಲಸ

ಮೊದಲ ವೆಚ್ಚ ಔಷಧಕ್ಕಲ್ಲ, ಗಾರೆಗೆ. ಮಗನಿಗೆ ಇದು ಇಷ್ಟವಾಗಲಿಲ್ಲ. "ನಾಯಿ ಜ್ವರಕ್ಕೆ ಮೇಸ್ತ್ರಿ ಕರೀಬೇಕಾ ಸಾರ್?" ಅಂದ. ಆದರೆ ಸಂದಿ ಇರುವವರೆಗೆ ಎಷ್ಟು ಸಿಂಪಡಿಸಿದರೂ ಔಷಧ ಒಳಗೆ ತಲುಪುವುದಿಲ್ಲ, ಮೊಟ್ಟೆಯ ಮೇಲಂತೂ ಅದರ ಪ್ರಭಾವ ಕಡಿಮೆ. ಹಿತ್ತಲ ಗೋಡೆಯ ಸಂದಿಗಳಿಗೆ ಸಿಮೆಂಟ್ ತುಂಬಿಸಿ ಸುಣ್ಣ ಹೊಡೆಸಿದರು. ಸುಣ್ಣ ಉಣ್ಣಿಯನ್ನು ಕೊಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಬಿಳಿ ಗೋಡೆಯ ಮೇಲೆ ಹರಿದಾಡುವ ಉಣ್ಣಿ ಕಣ್ಣಿಗೆ ಬೀಳುತ್ತದೆ, ಅಷ್ಟೇ ಅದರ ದೊಡ್ಡ ಲಾಭ. ಗೋಣಿಚೀಲಗಳನ್ನು ಸುಟ್ಟರು. ಜೂಲಿಗೆ ಕಬ್ಬಿಣದ ಕಾಲಿನ ಮಂಚ ಬಂತು, ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ಅದ್ದುವ ಹಳೆ ಬೆಡ್‌ಶೀಟ್ ಬಂತು. ಸೌದೆ ಗೋಡೆಯಿಂದ ದೂರ ಹೋಯಿತು.

ಆಮೇಲೆ ಸಿಂಪಡಣೆ. ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ, ಕಣ್ಣಳತೆಯಲ್ಲಿ ಅಲ್ಲ. ಪುಟ್ಟಿ ಮತ್ತು ಜೂಲಿ ಇಬ್ಬರನ್ನೂ ಅವತ್ತು ಪಕ್ಕದ ಬೀದಿಯ ನೆಂಟರ ಮನೆಗೆ ಕಳಿಸಿ, ಗೋಡೆ ನೆಲ ಪೂರ್ತಿ ಒಣಗಿದ ಮೇಲೆ ವಾಪಸ್ ಕರೆತಂದರು. ಗೋಡೆಯ ಬುಡಕ್ಕೆ ಮಾತ್ರವಲ್ಲ, ಚೌಕಟ್ಟಿನ ಮೇಲಂಚು, ತೊಲೆಯ ಮೂಲೆಗೂ ಹೊಡೆಸಿದೆ. ಮೂರು ವಾರಕ್ಕೆ ಮತ್ತೊಮ್ಮೆ, ಅಷ್ಟೇ ಅಂತರದಲ್ಲಿ ಮಗದೊಮ್ಮೆ. ಅಷ್ಟರಲ್ಲಿ ಉಳಿದ ಮೊಟ್ಟೆಗಳು ಒಡೆದು ಹೊಸ ಮರಿಗಳು ಹೊರಬಂದಿರುತ್ತವೆ. ಒಂದೇ ಸಲ ಹೊಡೆದು ಕೈತೊಳೆದುಕೊಂಡರೆ ಆ ದುಡ್ಡು ದಂಡ.

ಜೂಲಿಗೆ ಫ್ಲುರಾಲನರ್ ಅನ್ನುವ ಅಗಿಯುವ ಮಾತ್ರೆ ಕೊಟ್ಟೆ. ಒಮ್ಮೆ ತಿಂದರೆ ಕಂದು ಉಣ್ಣಿಯ ವಿರುದ್ಧ ಸುಮಾರು 12 ವಾರ ಕೆಲಸ ಮಾಡುತ್ತದೆ. ಇದೇ ಬಗೆಯ, ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳೂ ಇವೆ. ಮೂರ್ಛೆ, ಫಿಟ್ಸ್ ಬರುವ ನಾಯಿಯಾದರೆ ಈ ಗುಂಪಿನ ಮಾತ್ರೆಯನ್ನು ಯೋಚಿಸಿ ಕೊಡಬೇಕು. ಜೂಲಿಗೆ ಆ ತೊಂದರೆ ಇರಲಿಲ್ಲ. ಬೆಲೆ ಕೇಳಿ ಅಜ್ಜಿ ಹೌಹಾರಿದರು. ನಿಜ, ದುಬಾರಿಯೇ. ಆದರೆ ಮೂರು ಜ್ವರಕ್ಕೆ ಆದ ಪರೀಕ್ಷೆ, ಔಷಧ, ಆಟೋ ಖರ್ಚನ್ನು ಕೂಡಿಸಿ ನೋಡಿ ಅಂತ ಮಗನಿಗೆ ಹೇಳಿದೆ. ಆಮೇಲೆ ಅವನು ಆ ಮಾತು ಎತ್ತಲಿಲ್ಲ. ಪುಟ್ಟಿ ಪೂರ್ತಿ ಚೇತರಿಸಿಕೊಂಡ ಮೇಲೆ ಬೆಕ್ಕಿಗೆ ಅಂತಲೇ ಬರೆದಿರುವ ಫಿಪ್ರೊನಿಲ್ ಹನಿಯನ್ನು ಕುತ್ತಿಗೆಯ ಹಿಂದೆ, ನಾಲಿಗೆ ತಲುಪದ ಜಾಗಕ್ಕೆ ಹಾಕಿದೆ.

ಆರು ವಾರಕ್ಕೆ ಅಜ್ಜಿ ಸಿಟ್ಟಿನಿಂದ ಬಂದರು. "ನಿಮ್ಮ ಮಾತ್ರೆ ಸುಳ್ಳು. ಇವತ್ತೂ ಮೂರು ಉಣ್ಣಿ ಕಿತ್ತೆ." ಕಿತ್ತದ್ದನ್ನು ಬಾಟಲಿಯಲ್ಲಿ ತಂದಿದ್ದರು, ಹೇಳಿಕೊಟ್ಟ ಹಾಗೇ. ನೋಡಿದರೆ ಮೂರೂ ಚಪ್ಪಟೆ, ಒಣಗಿ ಸುಕ್ಕಾಗಿದ್ದವು. ಈ ಮಾತ್ರೆ ಉಣ್ಣಿಯನ್ನು ಓಡಿಸುವುದಿಲ್ಲ. ಉಣ್ಣಿ ಹತ್ತಬೇಕು, ಕಚ್ಚಬೇಕು, ಆ ರಕ್ತದಿಂದಲೇ ಸಾಯಬೇಕು. ಗೋಡೆಯಲ್ಲಿ ಉಳಿದಿದ್ದ ಉಣ್ಣಿಗಳು ಒಂದೊಂದಾಗಿ ಬಂದು ಜೂಲಿಯ ಮೈಮೇಲೆ ಸಾಯುತ್ತಿದ್ದವು, ಮೊಟ್ಟೆ ಇಡುವ ಮೊದಲೇ. ಊದಿದ ಉಣ್ಣಿ ಸಿಕ್ಕರೆ ಬನ್ನಿ, ಒಣಗಿದ್ದು ಸಿಕ್ಕರೆ ಖುಷಿಪಡಿ ಅಂದೆ.

ಹಾಗಿದ್ದರೂ ಈ ಮಾತ್ರೆಗೆ ಒಂದು ಮಿತಿ ಇದೆ. ಎರ್ಲಿಕಿಯಾ ಉಣ್ಣಿ ಕಚ್ಚಿದ ಕೆಲವೇ ಗಂಟೆಯಲ್ಲಿ ನಾಯಿಗೆ ದಾಟಬಲ್ಲದು, ಮಾತ್ರೆ ಉಣ್ಣಿಯನ್ನು ಕೊಲ್ಲುವುದಕ್ಕೂ ಕೆಲವು ಗಂಟೆ ಬೇಕು. ಮನೆಯಲ್ಲಿ ಸಾವಿರ ಉಣ್ಣಿ ಇದ್ದರೆ ಬರೀ ಮಾತ್ರೆಯೇ ನಾಯಿಯನ್ನು ಪೂರ್ತಿ ಕಾಪಾಡುತ್ತದೆ ಅನ್ನುವ ಭರವಸೆ ನಾನು ಕೊಡಲಾರೆ. ಗೋಡೆಗೆ ಅಷ್ಟು ಒತ್ತು ಕೊಟ್ಟದ್ದು ಅದಕ್ಕೇ.

ಬೀದಿ ನಾಯಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಜಟಾಪಟಿ ಆಯಿತು. ಅಜ್ಜಿ ದಿನಾ ಸಂಜೆ ಗೇಟಿನ ಮುಂದೆ ನಾಲ್ಕು ಬೀದಿ ನಾಯಿಗಳಿಗೆ ಅನ್ನ ಹಾಕುತ್ತಾರೆ. ಅವು ಉಂಡು ಕಾಂಪೌಂಡಿನ ನೆರಳಲ್ಲೇ ಮಲಗುತ್ತವೆ. ಅಲ್ಲಿ ಉದುರಿದ ಉಣ್ಣಿ ಒಳಗೆ ಬರಲು ಗೇಟು ತೆರೆಯಬೇಕಾಗಿಲ್ಲ. ಮಗ ಅನ್ನ ಹಾಕುವುದನ್ನೇ ನಿಲ್ಲಿಸು ಅಂದ. ಅಜ್ಜಿ, "ನೀನು ಊಟ ಬಿಡು, ಆಮೇಲೆ ನೋಡಾನ" ಅಂದರು. ಕೊನೆಗೆ ಅನ್ನ ಹಾಕುವ ಜಾಗ ರಸ್ತೆಯ ಆಚೆ ಬದಿಯ ಖಾಲಿ ಸೈಟಿಗೆ ಹೋಯಿತು. ಬೀದಿಯ ಒಂದಿಬ್ಬರು ಕೈ ಜೋಡಿಸಿದ್ದರಿಂದ ಆ ನಾಲ್ಕು ನಾಯಿಗಳಿಗೂ ತೂಕ ನೋಡಿ ಅನ್ನದಲ್ಲಿ ಮಾತ್ರೆ ಸೇರಿತು.

ಈಗ

ಮೊದಲ ವಾರದ ಕೊನೆಗೆ ಜೂಲಿಯ ಪ್ಲೇಟ್‌ಲೆಟ್ 96 ಸಾವಿರಕ್ಕೆ ಏರಿತ್ತು. 28 ದಿನ ಮುಗಿದಾಗ 2.3 ಲಕ್ಷ, ಹಿಮೋಗ್ಲೋಬಿನ್ 11.4. ಆಗಸ್ಟಿನ ಪರೀಕ್ಷೆಯಲ್ಲಿ ಎಲ್ಲ ಸಹಜ ಮಟ್ಟದಲ್ಲಿತ್ತು. ಮಗ ಸ್ವಂತ ಆಸಕ್ತಿಯಿಂದ ಬೇರೊಂದು ಕಡೆ ಕಾರ್ಡ್ ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂದದ್ದು ನೋಡಿ ಗಾಬರಿಯಲ್ಲಿ ಫೋನ್ ಮಾಡಿದ. ಪ್ರತಿಕಾಯ ತಿಂಗಳುಗಟ್ಟಲೆ, ಕೆಲವು ನಾಯಿಗಳಲ್ಲಿ ಅದಕ್ಕಿಂತ ಜಾಸ್ತಿ ಕಾಲ ರಕ್ತದಲ್ಲಿ ಉಳಿಯುತ್ತದೆ. ಗುಣವಾಯಿತಾ ಅಂತ ನೋಡಲು ಆ ಕಾರ್ಡ್ ಬೇಡ, ಪ್ಲೇಟ್‌ಲೆಟ್ ಎಣಿಕೆ ಮತ್ತು ಬೇಕಾದರೆ ಪಿಸಿಆರ್ ಸಾಕು.

ನವೆಂಬರಿನಲ್ಲಿ ಮೂರನೇ ಮಾತ್ರೆಯ ಹೊತ್ತಿಗೆ ಅಜ್ಜಿ ಚೌಕಾಸಿಗೆ ಇಳಿದರು. "ಚಳಿಗಾಲದಾಗೆ ಉಣ್ಣಿ ಇರಲ್ವಲ್ಲ, ಬೇಸಿಗೆಗೆ ಹಾಕಾನ." ದುರ್ಗದ ಚಳಿ ನಮಗೆ ಸ್ವೆಟರ್ ಹಾಕಿಸುವಷ್ಟು ಇರಬಹುದು, ಮನೆಯೊಳಗಿನ ಉಣ್ಣಿಯನ್ನು ನಿಲ್ಲಿಸುವಷ್ಟಿಲ್ಲ. ಜೂಲಿಗೆ ಎರಡನೇ ಸಲ ಜ್ವರ ಬಂದದ್ದು ಜನವರಿಯಲ್ಲಿ ಅನ್ನುವುದನ್ನು ಹಳೆ ಚೀಟಿ ತೆಗೆದು ತೋರಿಸಿದೆ. ಮಾತ್ರೆ ತಗೊಂಡು ಹೋದರು. ಮುಂದಿನದ್ದು ಫೆಬ್ರವರಿಯಲ್ಲಿ, ಅದರ ಜೊತೆಗೇ ಪ್ಲೇಟ್‌ಲೆಟ್ ಎಣಿಕೆಯೂ ಇದೆ. ಸೈಪರ್‌ಮೆಥ್ರಿನ್ ಬಾಟಲಿಯ ಮೇಲೆ ಮೊಮ್ಮಗ ಮಾರ್ಕರ್‌ನಲ್ಲಿ "ಪುಟ್ಟಿಗೆ ಬೇಡ" ಅಂತ ಬರೆದು ಬೀಗ ಇರುವ ಬೀರುವಿನಲ್ಲಿ ಇಟ್ಟಿದ್ದಾನಂತೆ.